ಗಡಿಯಾರ ನೋಡುವ ವಾಲ್ವ್, ನೀರು ನೋಡುವ ನೀರುಗಂಟಿ

ಹುಣಸೂರಿನಿಂದ ಹನಗೋಡಿಗೆ ಹೋಗುವ ದಾರಿಯಲ್ಲಿ ನನ್ನ ಅಕ್ಕನ ಮನೆಯವರದು ನಾಲ್ಕು ಎಕರೆ ಬಾಳೆ. ಒಂದು ಬೋರು, ಒಂದು ಮೋಟ್ರು, ಎಕರೆಗೊಂದರಂತೆ ನಾಲ್ಕು ಗೇಟ್‌ವಾಲ್ವ್. ಬೋರಿನ ನೀರು ಒಂದು ಸಲಕ್ಕೆ ಒಂದು ಎಕರೆಗಷ್ಟೇ ಸಾಲುತ್ತದೆ. ಹಾಗಾಗಿ ಒಂದನ್ನು ತೆಗೆದು ಇನ್ನೊಂದನ್ನು ಮುಚ್ಚಬೇಕು. ಹೇಳುವುದಕ್ಕೆ ಇಷ್ಟೇ. ಈ ಇಷ್ಟರ ಸಲುವಾಗಿ ಭಾವ ಎಷ್ಟು ವರ್ಷದಿಂದ ಇಡೀ ರಾತ್ರಿ ಮಲಗಿಲ್ಲವೋ ಅವರಿಗೇ ಲೆಕ್ಕವಿಲ್ಲ.

ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಎನ್ನುವುದು ಸರ್ಕಾರದ ಮಾತು. 10 ಎಚ್‌ಪಿವರೆಗೆ ಬಿಲ್ಲಿಲ್ಲ, ಅದು ಸರಿ. ಆದರೆ ಆ ಏಳು ಗಂಟೆ ಪಾಳಿಯಲ್ಲಿ ಬರುತ್ತದೆ. ಒಂದು ವಾರ ಹಗಲಿಗೆ ಬಂದರೆ ಇನ್ನೊಂದು ವಾರ ರಾತ್ರಿಗೆ. ರಾತ್ರಿ ಪಾಳಿಯಲ್ಲಿ ಒಂದೂಮುಕ್ಕಾಲು ಗಂಟೆಗೊಮ್ಮೆ ಎದ್ದು, ಟಾರ್ಚು ಹಿಡಿದು, ತೋಟದ ಆ ಮೂಲೆಯಿಂದ ಈ ಮೂಲೆಗೆ ನಡೆಯಬೇಕು. ನಾಗರಹೊಳೆ ಕಾಡು ಅಲ್ಲಿಂದ ದೂರವಿಲ್ಲ. ಬಾಳೆ ಎಂದರೆ ಆನೆಗೆ ಹಬ್ಬದೂಟ. ನಮ್ಮದೇ ಜಿಲ್ಲೆಯ ಸರಗೂರು ತಾಲ್ಲೂಕಿನಲ್ಲಿ 2025ರ ಅಕ್ಟೋಬರ್-ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಸತ್ತು, ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಬೇಕಾಗಿ ಬಂದದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಎಷ್ಟೋ ಮೊದಲಿನಿಂದಲೇ ಅಕ್ಕ ರಾತ್ರಿ ಭಾವ ಒಬ್ಬರನ್ನೇ ಹೊರಗೆ ಬಿಡುತ್ತಿರಲಿಲ್ಲ. ವಾಲ್ವ್ ತಿರುಗಿಸಲು ಗಂಡ, ಟಾರ್ಚು ಹಿಡಿಯಲು ಹೆಂಡತಿ. ನಾಲ್ಕು ಎಕರೆಗೆ ಇಬ್ಬರ ನಿದ್ದೆ.

ಬ್ಯಾಟರಿಯಲ್ಲಿ ನಡೆಯುವ, ವೈರಿಲ್ಲದ ವಾಲ್ವ್ ಪೆಟ್ಟಿಗೆ ಈಗ ನಮ್ಮ ಕಡೆಯ ಡ್ರಿಪ್ ಅಂಗಡಿಗಳಲ್ಲೂ ಕೇಳಿಬರುತ್ತಿದೆ. ಮೊಬೈಲ್‌ನಲ್ಲಿ ಒತ್ತಿದರೆ ತೋಟದ ವಾಲ್ವ್ ತೆರೆಯುತ್ತದೆ ಎಂದು ಅಂಗಡಿಯವರು ತೋರಿಸುತ್ತಾರೆ. ಮೋಟ್ರು ಶುರುಮಾಡುವ ಮೊಬೈಲ್ ಸ್ಟಾರ್ಟರಿಗೆ ನಮ್ಮ ರೈತರು ಎಂದೋ ಒಗ್ಗಿಹೋಗಿದ್ದಾರೆ, ಇದು ಅದರ ತಮ್ಮ. ಕಳೆದ ವರ್ಷ ಏಪ್ರಿಲ್‌ನಲ್ಲಿ ಭಾವ ಬಾಳೆ ಹೊಸದಾಗಿ ನೆಟ್ಟಾಗ ನಾಲ್ಕು ಪೆಟ್ಟಿಗೆ ತಂದರು. ಕೂರಿಸುವಾಗ ನಾನೂ ಇದ್ದೆ. ಆ ಒಂದು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಹೇಳುವುದು ಅರ್ಧ, ತೋಟ ಹೇಳುವುದು ಇನ್ನರ್ಧ.

ಮೊದಲು ಲೆಕ್ಕ. ಆರಡಿ ಆರಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 1210 ಬಾಳೆ. ಗಿಡಕ್ಕೆ ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್ ಎಂದರೆ ಎಕರೆಗೆ ಗಂಟೆಗೆ 9680 ಲೀಟರ್ ಬೇಕು. ಅಂದರೆ ಸೆಕೆಂಡಿಗೆ ಸುಮಾರು 2.7 ಲೀಟರ್. ಭಾವನ ಬೋರು ಕೊಡುವುದು ಹೆಚ್ಚುಕಡಿಮೆ ಅಷ್ಟೇ. ಏಳು ಗಂಟೆಯನ್ನು ನಾಲ್ಕು ಎಕರೆಗೆ ಹಂಚಿದರೆ ಎಕರೆಗೆ ಒಂದೂಮುಕ್ಕಾಲು ಗಂಟೆ, ಗಿಡಕ್ಕೆ 14 ಲೀಟರ್. ಈ ಲೆಕ್ಕ ಮಾಡದೆ ಪೆಟ್ಟಿಗೆ ಕೊಳ್ಳಬೇಡಿ. ಬೋರಿನಲ್ಲಿ ನೀರು ಎಷ್ಟಿದೆ ಎಂದು ಪೆಟ್ಟಿಗೆಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರಬೇಕು. ಡ್ರಮ್ಮಿಗೆ ನೀರು ಬಿಟ್ಟು, ತುಂಬಲು ಎಷ್ಟು ಸೆಕೆಂಡು ಎಂದು ಎಣಿಸಿದರೆ ಸಾಕು. 200 ಲೀಟರ್ ಡ್ರಮ್ಮು 74 ಸೆಕೆಂಡಿಗೆ ತುಂಬಿದರೆ ನಿಮ್ಮದೂ ಭಾವನ ಬೋರಿನಂಥದ್ದೇ.

ಎರಡು ಇಂಚಿನ ಪೈಪಿನ ನೀರನ್ನು ಅಂಗೈಯಗಲದ ಬ್ಯಾಟರಿ ಹೇಗೆ ತಡೆಯುತ್ತದೆ ಎಂದು ಭಾವ ಮೊದಲ ದಿನವೇ ಕೇಳಿದರು. ‘ಗೇಟ್‌ವಾಲ್ವ್ ತಿರುಗ್ಸೋಕೆ ನನ್ನ ರಟ್ಟೆ ನೋಯ್ತದೆ. ಇದೆಂಗಪ್ಪ ತಡೀತದೆ?’ ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟು: ತಡೆಯುವುದು ಬ್ಯಾಟರಿ ಅಲ್ಲ, ನೀರೇ. ಈ ವಾಲ್ವಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಪರದೆ ಇರುತ್ತದೆ. ಪೈಪಿನ ನೀರು ಪರದೆಯ ಕೆಳಗೂ ಇರುತ್ತದೆ, ಸಣ್ಣ ತೂತಿನ ಮೂಲಕ ಮೇಲೂ ಹೋಗಿ ನಿಲ್ಲುತ್ತದೆ. ಮೇಲಿನ ಪಕ್ಕ ನೀರು ಒತ್ತುವ ಜಾಗ ಹೆಚ್ಚು, ಕೆಳಗೆ ಕಡಿಮೆ. ಹಾಗಾಗಿ ಪರದೆ ಕೆಳಕ್ಕೆ ಒತ್ತಿಕೊಂಡು ದಾರಿ ಮುಚ್ಚುತ್ತದೆ. ಮೇಲೆ ನಿಂತ ನೀರನ್ನು ಹೊರಗೆ ಬಿಟ್ಟುಬಿಟ್ಟರೆ ಕೆಳಗಿನ ನೀರು ಪರದೆಯನ್ನು ಎತ್ತಿ ತಾನೇ ದಾರಿ ಮಾಡಿಕೊಳ್ಳುತ್ತದೆ. ಬ್ಯಾಟರಿಯ ಕೆಲಸ ಆ ನೀರು ಹೊರಹೋಗುವ ಪುಟ್ಟ ತೂತನ್ನು ತೆಗೆಯುವುದು, ಮುಚ್ಚುವುದು. ಆನೆಯನ್ನು ತಳ್ಳುವುದು ಮಾವುತನ ಕೆಲಸವಲ್ಲ, ಕಿವಿಯ ಹಿಂದೆ ಕಾಲಿನಲ್ಲಿ ಒತ್ತುವುದು. ಇಲ್ಲೂ ಹಾಗೆಯೇ.

ಆ ತೂತು ಮುಚ್ಚುವ ಸೊಲೆನಾಯ್ಡ್‌ನಲ್ಲಿ ಎರಡು ಜಾತಿ. ಹಳೆಯದು 24 ವೋಲ್ಟಿನದು, ಕರೆಂಟು ಇರುವಷ್ಟು ಹೊತ್ತೂ ತೆರೆದಿರುತ್ತದೆ. ಬಾಗಿಲು ಹಿಡಿದುಕೊಂಡು ನಿಂತ ಹುಡುಗನ ಹಾಗೆ, ಕೈ ಬಿಟ್ಟರೆ ಬಾಗಿಲು ಮುಚ್ಚಿತು. ಬ್ಯಾಟರಿಗೆ ಇದು ಹೊಂದುವುದಿಲ್ಲ, ಎರಡು ದಿನದಲ್ಲಿ ಖಾಲಿ. ಇನ್ನೊಂದು ಲ್ಯಾಚಿಂಗ್ ಎನ್ನುವುದು. ಒಳಗೆ ಪುಟ್ಟ ಅಯಸ್ಕಾಂತ ಇರುತ್ತದೆ. ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ವಿದ್ಯುತ್ ಹರಿದರೆ ತೆರೆದುಕೊಂಡು ಅಯಸ್ಕಾಂತಕ್ಕೆ ಅಂಟಿ ಕೂರುತ್ತದೆ. ಉಲ್ಟಾ ದಿಕ್ಕಿನಲ್ಲಿ ಅಷ್ಟೇ ಹೊತ್ತು ಹರಿದರೆ ಮುಚ್ಚಿಕೊಳ್ಳುತ್ತದೆ. ಚಿಲಕ ಹಾಕಿ ಬಂದ ಹಾಗೆ, ಆಮೇಲೆ ಅಲ್ಲಿ ನಿಲ್ಲುವ ಕೆಲಸವಿಲ್ಲ. ಒಂದು ಸಣ್ಣ ಬ್ಯಾಟರಿ ತಿಂಗಳುಗಟ್ಟಲೆ ಬರುವುದು ಈ ಚಿಲಕದ ಪುಣ್ಯದಿಂದ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತೂ ಅದೇ: ‘ಇದು ಲ್ಯಾಚಿಂಗಾ?’

ಕೂರಿಸಿದ ದಿನದ ವಿಷಯಕ್ಕೆ ಬರೋಣ. ಪ್ಲಂಬರ್ ಹುಡುಗ ಬೆಳಿಗ್ಗೆ ಎಂಟಕ್ಕೆ ಬಂದ. ಮೋಟ್ರು ನಿಲ್ಲಿಸಿ, ಲೈನಿನ ನೀರು ಇಳಿಸಿ, ಹಳೆಯ ಗೇಟ್‌ವಾಲ್ವಿನ ಮುಂದೆ ಒಂದು ಗೇಣು ಬಿಟ್ಟು ಹ್ಯಾಕ್ಸಾ ಬ್ಲೇಡಿನಲ್ಲಿ ಪೈಪು ಕೊಯ್ದ. ಹಳೆಯದನ್ನು ಕಿತ್ತುಬಿಡೋಣ ಎಂದು ಅವನ ವಾದ. ಭಾವ ಬಿಡಲಿಲ್ಲ. ‘ಅದು ಅಲ್ಲೇ ಇರ್ಲಿ ಕಣಪ್ಪ, ನಿನ್ನ ಪೆಟ್ಗೆ ಕೈಕೊಟ್ರೆ ನಾನೇನ್ ಮಾಡ್ಲಿ?’ ಆ ಒಂದು ಮಾತು ಮುಂದೆ ಮೂರು ಸಲ ಕಾಪಾಡಿತು. ಹುಡುಗ ಕೊಯ್ದ ಬಾಯಿಯನ್ನು ಬಟ್ಟೆಯಲ್ಲಿ ಒರೆಸಿ, ಸಲ್ಯೂಷನ್ ಹಚ್ಚಿ ಥ್ರೆಡ್ ಇರುವ ಅಡಾಪ್ಟರ್ ಕೂರಿಸಿದ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತಿ ವಾಲ್ವನ್ನು ಕೈಯಲ್ಲಿ ತಿರುಗಿಸಿ, ಕೊನೆಗೆ ಪಾನಾದಲ್ಲಿ ಅರ್ಧ ಸುತ್ತು ಮಾತ್ರ. ಪ್ಲಾಸ್ಟಿಕ್ ವಾಲ್ವು, ಜೋರಾಗಿ ಬಿಗಿದರೆ ಸೀಳುತ್ತದೆ. ವಾಲ್ವಿನ ಮೈಮೇಲೆ ಒಂದು ಬಾಣದ ಗುರುತು ಉಬ್ಬಿರುತ್ತದೆ. ನೀರು ಹೋಗುವ ದಿಕ್ಕಿಗೆ ಅದು ಮುಖ ಮಾಡಿರಬೇಕು. ಎರಡನೇ ಎಕರೆಯಲ್ಲಿ ಅದು ತಿರುಗುಮುರುಗಾಗಿ ಕೂತಿತ್ತು. ನೀರು ಬಿಟ್ಟ ಮೇಲೆ ವಾಲ್ವ್ ಮುಚ್ಚಲೇ ಇಲ್ಲ, ಮತ್ತೆ ಕೊಯ್ದದ್ದಾಯಿತು. ಎರಡೂ ಕಡೆ ಯೂನಿಯನ್ ಹಾಕಿದ್ದರೆ ಪೈಪು ಕೊಯ್ಯದೆ ಬಿಚ್ಚಬಹುದಿತ್ತು. ಯೂನಿಯನ್‌ಗೆ ದುಡ್ಡು ಉಳಿಸುವುದು ಎಂದರೆ ಕೊಡೆ ಮನೆಯಲ್ಲಿಟ್ಟು ಮಳೆಗೆ ಹೋದ ಹಾಗೆ.

ಇನ್ನು ಎರಡು ವೈರು, ಕೆಂಪು ಮತ್ತು ಕಪ್ಪು. ಇವು ಅದಲುಬದಲಾದರೆ ಏನೂ ಸುಡುವುದಿಲ್ಲ. ಆದರೆ ಮೊಬೈಲ್ ‘ಮುಚ್ಚಿದೆ’ ಎಂದಾಗ ತೋಟದಲ್ಲಿ ತೆರೆದಿರುತ್ತದೆ. ಮೂರನೇ ಎಕರೆಯಲ್ಲಿ ಹಾಗೇ ಆಗಿ, ಹುಡುಗ ಅರ್ಧ ಗಂಟೆ ಪೆಟ್ಟಿಗೆಯನ್ನು ಬೈದ. ವೈರು ಸೇರಿಸಿದ ಜಾಗಕ್ಕೆ ಬರೀ ಇನ್ಸುಲೇಷನ್ ಟೇಪು ಸುತ್ತಿದರೆ ಒಂದು ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ. ಒಳಗೆ ಜೆಲ್ ತುಂಬಿದ ಕ್ಯಾಪುಗಳು ಸಿಗುತ್ತವೆ, ಅವನ್ನೇ ಹಾಕಿಸಿ. ಪೆಟ್ಟಿಗೆಯಿಂದ ವೈರು ಹೊರಬರುವ ತೂತನ್ನು ಬಿಗಿಯಾಗಿ ಮುಚ್ಚಿ. ನೀರಿಗಿಂತ ಮುಂಚೆ ಒಳಗೆ ಹೋಗುವುದು ಇರುವೆ. ಬೆಚ್ಚಗೆ, ಕತ್ತಲೆಯಾಗಿ, ನೆಲದಿಂದ ಒಂದಡಿ ಎತ್ತರದಲ್ಲಿರುವ ಆ ಮನೆಯನ್ನು ಅವಕ್ಕೆಂದೇ ಕಟ್ಟಿಸಿದ್ದೇವೆ ಎಂದು ಅವು ತಿಳಿಯುತ್ತವೆ.

ಬೋರಿನ ನೀರಿನಲ್ಲಿ ಮರಳು ಬರುತ್ತದೆಯೇ ನೋಡಿಕೊಳ್ಳಿ. ಡ್ರಿಪ್ಪರಿಗಾಗಿ ಹೇಗೂ ಫಿಲ್ಟರ್ ಇರುತ್ತದೆ, ಆದರೆ ಕೆಲವರು ಅದನ್ನು ವಾಲ್ವಿನ ಆಚೆ ಹಾಕಿರುತ್ತಾರೆ. ಮೇಲೆ ಹೇಳಿದ ಆ ಪುಟ್ಟ ತೂತಿಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಪರದೆ ಏಳುವುದಿಲ್ಲ, ಇಲ್ಲವೇ ಕೂರುವುದಿಲ್ಲ. ಫಿಲ್ಟರ್ ಮೊದಲು, ವಾಲ್ವ್ ಆಮೇಲೆ. ಇನ್ನೊಂದು ಸಂಗತಿ ಪ್ರೆಶರ್‌ದು. ನೀರಿನ ಬಲದಿಂದಲೇ ಕೆಲಸ ಮಾಡುವ ವಾಲ್ವಿಗೆ ಒಂದು ಕೆಜಿಯ ಹತ್ತಿರ ಪ್ರೆಶರ್ ಇರುವುದು ಒಳ್ಳೆಯದು. ಒಂದು ಕೆಜಿ ಎಂದರೆ ಹತ್ತು ಮೀಟರ್ ಎತ್ತರದ ನೀರು. ಕೃಷಿ ಹೊಂಡದಿಂದಲೋ ಹತ್ತಡಿ ಎತ್ತರದ ತೊಟ್ಟಿಯಿಂದಲೋ ತಾನಾಗಿ ಇಳಿಯುವ ನೀರಿಗೆ ಇದರ ಮೂರರಲ್ಲೊಂದು ಪಾಲೂ ಬರುವುದಿಲ್ಲ. ಅಂಥವರು ಪರದೆಯ ವಾಲ್ವ್ ಬಿಟ್ಟು ಪುಟ್ಟ ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಕೇಳಬೇಕು. ಅದಕ್ಕೆ ಬ್ಯಾಟರಿ ಹೆಚ್ಚು ಬೇಕು, ಸೌರ ಫಲಕ ಇದ್ದರೆ ವಾಸಿ.

ವೈರಿಲ್ಲದ ಮಾತುಕತೆ ಹೇಗೆ? ಮೋಟ್ರು ಮನೆಯ ದೊಡ್ಡ ಪೆಟ್ಟಿಗೆಯಲ್ಲಿ ಸಿಮ್ ಇರುತ್ತದೆ, ಅದು ನಿಮ್ಮ ಫೋನಿನೊಡನೆ ಮಾತಾಡುತ್ತದೆ. ಅಲ್ಲಿಂದ ವಾಲ್ವಿಗೆ ರೇಡಿಯೋ ಅಲೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿಲ್ಲದೆ ಬಳಸಬಹುದು. ಲೋರಾ ಎಂಬ ಈ ಬಗೆಯ ರೇಡಿಯೋಗಳು ಅದರಲ್ಲೇ ನಡೆಯುತ್ತವೆ. ವೈಫೈಗಿಂತ ಇವು ಮೆಲ್ಲಗೆ, ಆದರೆ ಬಹಳ ದೂರ ಮಾತಾಡುತ್ತವೆ. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು ಎಂಟೂವರೆ ಸೆಂಟಿಮೀಟರಿನ ಕಡ್ಡಿಯೇ ಆಂಟೆನಾ ಆಗಿ ಸಾಕು. ಆದರೆ ಕಡ್ಡಿ ನೆಟ್ಟಗೆ ನಿಂತಿರಬೇಕು. ತಗಡಿನ ಶೀಟಿನ ಮೋಟ್ರು ಮನೆಯೊಳಗೆ ಇಟ್ಟರೆ ಕೊಡದೊಳಗೆ ಕೂತು ಕೂಗಿದ ಹಾಗೆ. ಹೊರಗೆ ಕಂಬ ನೆಟ್ಟು ಅದರ ತಲೆಗೆ ಕಟ್ಟಬೇಕು.

ಇಲ್ಲಿ ನಾವು ಮೋಸಹೋದದ್ದು ನಮ್ಮಿಂದಲೇ. ಏಪ್ರಿಲ್‌ನಲ್ಲಿ ಬಾಳೆ ಮೊಣಕಾಲೆತ್ತರ ಇತ್ತು. ನಾಲ್ಕೂ ಪೆಟ್ಟಿಗೆಗೆ ಸಿಗ್ನಲ್ ತುಂಬಿ ಬಂತು, ಹುಡುಗ ದುಡ್ಡು ತೆಗೆದುಕೊಂಡು ಹೋದ. ಸೆಪ್ಟೆಂಬರಿಗೆ ಬಾಳೆ ಹತ್ತಡಿ ಏರಿತು. ಮಳೆಯಲ್ಲಿ ನೆಂದ ಎಲೆ ಎಂದರೆ ನೀರಿನ ಗೋಡೆ. ನಾಲ್ಕನೇ ಎಕರೆ ಮಾತು ನಿಲ್ಲಿಸಿತು. ಹನ್ನೆರಡು ಅಡಿಯ ಜಿಐ ಪೈಪಿನ ತುದಿಗೆ ಆಂಟೆನಾ ಏರಿಸಿದ ಮೇಲೆ ಸರಿಯಾಯಿತು, ಒಂದನ್ನು ಕೋತಿ ಕಿತ್ತದ್ದು ಬೇರೆ ಕಥೆ. ಸಿಗ್ನಲ್ ಪರೀಕ್ಷೆಯನ್ನು ತೋಟ ಬೆಳೆದ ಮೇಲಿನ ಎತ್ತರ ಲೆಕ್ಕ ಹಾಕಿ ಮಾಡಬೇಕು. ಇನ್ನೊಂದು: ವಾಲ್ವಿನ ಪೆಟ್ಟಿಗೆ ಬ್ಯಾಟರಿ ಉಳಿಸಲು ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತದೆ, ಆಗಾಗ ಎದ್ದು ‘ಏನಾದರೂ ಹೇಳಿದಿರಾ?’ ಎಂದು ಕೇಳಿ ಮತ್ತೆ ಮಲಗುತ್ತದೆ. ನೀವು ಒತ್ತಿದ ತಕ್ಷಣ ತೆರೆಯದಿದ್ದರೆ ಗಾಬರಿಯಾಗಿ ಮೂರು ಸಲ ಒತ್ತಬೇಡಿ.

ಕೂರಿಸುವ ಕೆಲಸವೆಲ್ಲ ಸರಿಹೋದ ಮೇಲೂ ಮೊದಲ ವಾರ ನಾಲ್ಕನೇ ಎಕರೆ ಒಣಗಿತು. ಆಂಟೆನಾ ತೊಂದರೆ ಶುರುವಾಗುವುದಕ್ಕೆ ಎಷ್ಟೋ ಮೊದಲಿನ ಮಾತು ಇದು. ಈ ಬರಹ ಬರೆಯಲು ಕೂತದ್ದೇ ಇದನ್ನು ಹೇಳುವುದಕ್ಕೆ. ಪಾಳಿ ರಾತ್ರಿ ಹತ್ತಕ್ಕೆ ಶುರು, ಎಕರೆಗೆ 105 ನಿಮಿಷ ಎಂದು ಸಮಯ ಕೊಟ್ಟು ಮಲಗಿದ್ದೆವು. ಬೆಳಿಗ್ಗೆ ಮೊಬೈಲ್ ನೋಡಿದರೆ ನಾಲ್ಕೂ ವಾಲ್ವ್ ಶಿಸ್ತಾಗಿ ತೆರೆದು ಮುಚ್ಚಿದ್ದವು. ತೋಟದಲ್ಲಿ ನೋಡಿದರೆ ಕೊನೆಯ ಎಕರೆಯ ಮಣ್ಣು ಬೂದಿಯ ಹಾಗೆ. ಆದದ್ದು ಏನೆಂದರೆ, ನಡುವೆ ಕರೆಂಟು ಹೋಗಿತ್ತು. ಹೋದ ಹೊತ್ತಿನಲ್ಲಿ ಮೋಟ್ರು ನಿಂತಿತು, ಪೆಟ್ಟಿಗೆಯ ಗಡಿಯಾರ ನಿಲ್ಲಲಿಲ್ಲ. ಅದು ಬ್ಯಾಟರಿಯದಲ್ಲವೇ? ನೀರಿಲ್ಲದ ಪೈಪಿಗೆ ವಾಲ್ವ್ ತೆರೆದು, ನಿಮಿಷ ಎಣಿಸಿ, ಮುಚ್ಚಿ, ಕೆಲಸ ಮುಗಿಯಿತು ಎಂದು ವರದಿ ಕಳಿಸಿತ್ತು. ಸರ್ಕಾರಿ ಕಚೇರಿಯ ಹಾಜರಿ ಪುಸ್ತಕವನ್ನು ನೆನೆದು ಭಾವ ನಕ್ಕರು, ಅಕ್ಕ ನಗಲಿಲ್ಲ.

ಇದು ಯಂತ್ರದ ದೋಷವಲ್ಲ, ಯಂತ್ರದ ಹುಟ್ಟೂರಿನ ಗುಣ. ಇಸ್ರೇಲಿನ ಹಟ್ಜೆರಿಮ್ ಎಂಬ ಸಾಮೂಹಿಕ ಗ್ರಾಮದಲ್ಲಿ 1965ರಲ್ಲಿ ಹನಿ ನೀರಾವರಿಯ ಮೊದಲ ಕಂಪನಿ ಶುರುವಾಯಿತು. ಅಂಥ ಕಡೆ, ಅಥವಾ ಅಮೆರಿಕದ ಮನೆ ಮುಂದಿನ ಹುಲ್ಲುಹಾಸಿನಲ್ಲಿ, ಪೈಪಿನಲ್ಲಿ ನೀರು ಯಾವಾಗಲೂ ಕಾಯುತ್ತಿರುತ್ತದೆ. ಅಲ್ಲಿ ನಿಮಿಷ ಎಣಿಸಿದರೆ ನೀರು ಎಣಿಸಿದಂತೆ. ಹುಣಸೂರಿನಲ್ಲಿ ನೀರು ಕರೆಂಟಿನ ಹಿಂದೆ ಬರುತ್ತದೆ. ನಿಮಿಷಕ್ಕೂ ನೀರಿಗೂ ಇಲ್ಲಿ ನಂಟಸ್ತಿಕೆಯಿಲ್ಲ.

ನಮ್ಮ ಕೆರೆಗಳ ನೀರುಗಂಟಿಗೆ ಈ ಸಂಗತಿ ಗೊತ್ತಿತ್ತು. ಊರಿನ ಆಯಗಾರರಲ್ಲಿ ಅವನೂ ಒಬ್ಬ, ಸುಗ್ಗಿಯಲ್ಲಿ ಕಣದಿಂದ ಆಯ ಎತ್ತುತ್ತಿದ್ದ. ತೂಬು ಎತ್ತುವುದು ಇಳಿಸುವುದು ಅವನ ಕೆಲಸ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನಿಜವಾದ ಕೆಲಸ ಅದಲ್ಲ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ಬದುವಿನ ಮೇಲೆ ನಡೆದು ನೋಡುತ್ತಿದ್ದುದು. ಮುಟ್ಟದಿದ್ದರೆ ತೂಬು ಇಳಿಸುತ್ತಿರಲಿಲ್ಲ. ನಾಲೆ ಬಯಲಿನಲ್ಲಿ ನೀರು ಬಿಡುವ ಸೌಡಿಗಳೂ ಅದೇ ವಂಶದವರು. ಪಂಚಾಯ್ತಿಯ ನಲ್ಲಿ ನೀರು ಬಿಡುವವರನ್ನು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ನೀರುಗಂಟಿ ಎಂದೇ ಕರೆಯುವುದು. ನಾವು ಕೊಂಡ ಪೆಟ್ಟಿಗೆ ನೀರುಗಂಟಿಯ ಕೈಯನ್ನು ತಂದಿತ್ತು, ಕಣ್ಣನ್ನು ಅಂಗಡಿಯಲ್ಲೇ ಬಿಟ್ಟಿತ್ತು.

ಕಣ್ಣು ಬೇರೆಯಾಗಿ ಸಿಗುತ್ತದೆ. ಮೈನ್ ಲೈನಿಗೆ ಒಂದು ಪ್ರೆಶರ್ ಸ್ವಿಚ್ಚು ಅಥವಾ ನೀರಿನ ಮೀಟರು ಕೂರಿಸಿ ಮೋಟ್ರು ಮನೆಯ ಪೆಟ್ಟಿಗೆಗೆ ಸೇರಿಸಿದರೆ, ನೀರು ನಿಂತಾಗ ಎಣಿಕೆಯೂ ನಿಲ್ಲುತ್ತದೆ, ನೀರು ಬಂದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸ್ಟಾರ್ಟರಿಗೆ ಜೋಡಿಸಿ ಮೋಟ್ರು ಓಡಿದ ನಿಮಿಷ ಮಾತ್ರ ಎಣಿಸುವ ಬಗೆಯೂ ಇದೆ. ಭಾವ ಮೀಟರನ್ನೇ ಹಾಕಿಸಿದರು. ಈಗ ಎಕರೆಗೆ 105 ನಿಮಿಷ ಎಂದು ಬರೆಯುವುದಿಲ್ಲ, 17,000 ಲೀಟರ್ ಎಂದು ಬರೆಯುತ್ತಾರೆ. ಇವತ್ತು ಮೂರನೇ ಎಕರೆಯ ಅರ್ಧಕ್ಕೆ ಪಾಳಿ ಮುಗಿದರೆ ನಾಳೆ ಅಲ್ಲಿಂದಲೇ ಶುರು. ಪೆಟ್ಟಿಗೆ ಕೊಳ್ಳುವವರು ಕೇಳಬೇಕಾದ ಎರಡನೇ ಮಾತು, ನನ್ನ ಪ್ರಕಾರ ಮೊದಲನೆಯದಕ್ಕಿಂತ ದೊಡ್ಡದು: ‘ಕರೆಂಟು ಹೋದರೆ ಇದು ಏನು ಮಾಡುತ್ತದೆ?’ ಅಂಗಡಿಯವರು ಬ್ಯಾಟರಿ ಇದೆಯಲ್ಲ ಸಾರ್, ಏನೂ ಆಗುವುದಿಲ್ಲ ಎಂದರೆ ಅವರಿಗೆ ಪ್ರಶ್ನೆ ಅರ್ಥವಾಗಿಲ್ಲ.

ವಾಲ್ವ್ ಬದಲಿಸುವ ಕ್ರಮದಲ್ಲೂ ಒಂದು ಎಚ್ಚರ. ಮುಂದಿನದು ತೆರೆದ ಮೇಲೆ ಹಿಂದಿನದು ಮುಚ್ಚಬೇಕು, ನಡುವೆ ಅರ್ಧ ನಿಮಿಷ ಎರಡೂ ತೆರೆದಿರಲಿ. ಮೊದಲು ಮುಚ್ಚಿ ಆಮೇಲೆ ತೆರೆಯುವ ಹಾಗೆ ಬರೆದರೆ ಆ ನಡುವೆ ಮೋಟ್ರು ಮುಚ್ಚಿದ ಪೈಪಿಗೆ ಗುದ್ದುತ್ತದೆ, ಎಲ್ಲೋ ಒಂದು ಜಾಯಿಂಟು ಹಾರುತ್ತದೆ. ಅದೇ ಕಾರಣಕ್ಕೆ, ಪಾಳಿ ಮುಗಿದಾಗ ನಾಲ್ಕನ್ನೂ ಮುಚ್ಚಬೇಡಿ. ನಾಳೆ ಶುರುವಾಗಬೇಕಾದ ವಾಲ್ವ್ ತೆರೆದೇ ಇರಲಿ. ಕರೆಂಟು ಬಂದು ಮೋಟ್ರು ತಾನಾಗಿ ಎದ್ದಾಗ ನೀರಿಗೆ ಒಂದು ದಾರಿ ಇರುತ್ತದೆ. ಲ್ಯಾಚಿಂಗ್ ಆದ್ದರಿಂದ ತೆರೆದಿಡುವುದಕ್ಕೆ ಬ್ಯಾಟರಿ ಖರ್ಚಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ? ಕೆ.ಆರ್. ನಗರದ ನಾಲೆ ಬಯಲಿನ ಭತ್ತಕ್ಕೆ ಇದರ ಕೆಲಸವಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಮೇ ತಿಂಗಳ ಮಳೆ ನಂಬಿ ನೆಡುವ ಬೆಳೆ, ಸಸಿ ಮಡಿಗೆ ಬಿಟ್ಟರೆ ಅದಕ್ಕೂ ಬೇಡ. ಶುಂಠಿಯವರಿಗೆ ಬೇಕಾಗಬಹುದು. ಅವರು ವರ್ಷಕ್ಕೊಂದು ಹೊಲ ಗುತ್ತಿಗೆ ಹಿಡಿಯುವವರು, ವೈರು ಹೂಳದ ಪೆಟ್ಟಿಗೆಯನ್ನು ಬಿಚ್ಚಿ ಮುಂದಿನ ಹೊಲಕ್ಕೆ ಒಯ್ಯಬಹುದು. ಆದರೆ ಶುಂಠಿಗೆ ನೀರು ಹೆಚ್ಚಾದರೆ ಕೊಳೆ ಬರುತ್ತದೆ, ಒಂದು ರಾತ್ರಿ ವಾಲ್ವ್ ಮುಚ್ಚದೆ ಉಳಿದರೂ ಕಷ್ಟ. ಅಡಿಕೆ, ಬಾಳೆ, ತೆಂಗು ಹಾಕಿ, ಬೋರು ನಂಬಿ, ಕಾಡಂಚಿನಲ್ಲಿರುವ ಎಚ್.ಡಿ. ಕೋಟೆ, ಸರಗೂರು, ಹನಗೋಡು ಕಡೆಯವರಿಗೆ ಬೇಕು ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಅಣೆಕಟ್ಟೆ ಕಂಡ ಸೀಮೆಯಲ್ಲಿ ರೈತ ಬೋರಿನ ನೀರಿಗೆ ರಾತ್ರಿ ಏಳಬೇಕಾಗಿದೆ ಎನ್ನುವುದು ಬೇರೆಯೇ ಅಂಕಣದ ವಿಷಯ. ನೀರು ಉಳಿಯುತ್ತದೆ ಎಂದು ಮಾತ್ರ ಕೊಳ್ಳಬೇಡಿ. ನೀರು ಉಳಿಸುವುದು ಡ್ರಿಪ್ಪು, ಅದು ನಿಮ್ಮಲ್ಲಿ ಆಗಲೇ ಇದೆ. ಈ ಪೆಟ್ಟಿಗೆ ಉಳಿಸುವುದು ರಾತ್ರಿಯ ನಡಿಗೆ. ಅದಕ್ಕೆ ಬೆಲೆ ಕಟ್ಟಬಲ್ಲವರು ಕೊಳ್ಳಲಿ.

ಸರ್ಕಾರವೂ ಹನಿ ನೀರಾವರಿಯನ್ನು ದೊಡ್ಡ ಅಳತೆಯಲ್ಲಿ ಮಾಡಿ ನೋಡಿದೆ. ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಲ್ಲಿ ನಾರಾಯಣಪುರ ಜಲಾಶಯದ ನೀರನ್ನು ಎತ್ತಿ 24,000 ಹೆಕ್ಟೇರಿಗೆ ಹನಿ ನೀರಾವರಿಯ ಪೈಪು ಎಳೆದರು. ನಮಗೆ ಹತ್ತಿರದಲ್ಲಿ ಮಳವಳ್ಳಿಯ ಪೂರಿಗಾಲಿ ಯೋಜನೆಯೂ ಅದೇ ದಾರಿಯದು. ದೊಡ್ಡದಾಗಲಿ ಸಣ್ಣದಾಗಲಿ, ಹೊಲದ ಮೂಲೆಯ ವಾಲ್ವ್ ಯಾರದ್ದು, ಕೆಟ್ಟರೆ ಯಾರು ಬಿಚ್ಚಬೇಕು ಎನ್ನುವುದು ತೀರ್ಮಾನವಾಗದ ಕಡೆ ಯಂತ್ರ ಬಾಳುವುದಿಲ್ಲ. ಭಾವನ ತೋಟದಲ್ಲಿ ಆ ಪ್ರಶ್ನೆ ಇಲ್ಲ, ಅಕ್ಕನೇ ಬಿಚ್ಚುತ್ತಾರೆ. ಪ್ಲಂಬರ್ ಹುಡುಗ ಪರದೆ ತೊಳೆಯುವುದನ್ನು ಒಂದು ಸಲ ತೋರಿಸಿದ, ಅವರು ಈಗ ಹುಡುಗನಿಗಿಂತ ಚುರುಕು.

ಕೊನೆಯದಾಗಿ ಬ್ಯಾಟರಿ. ಚಿಲಕದ ಗುಣಕ್ಕೆ ಇನ್ನೊಂದು ಮುಖವೂ ಇದೆ: ಬ್ಯಾಟರಿ ಸತ್ತಾಗ ವಾಲ್ವ್ ಹೇಗಿತ್ತೋ ಹಾಗೇ ಉಳಿಯುತ್ತದೆ. ತೆರೆದಿದ್ದರೆ ತೆರೆದೇ ಇರುತ್ತದೆ. ಒಳ್ಳೆಯ ಪೆಟ್ಟಿಗೆ ಬ್ಯಾಟರಿ ಇಳಿಯುತ್ತಿದ್ದಂತೆ ಫೋನಿಗೆ ಹೇಳಿ, ಉಳಿದ ಕೊನೆಯ ಶಕ್ತಿಯಲ್ಲಿ ವಾಲ್ವ್ ಮುಚ್ಚಿ ಸಾಯುತ್ತದೆ. ಎಲ್ಲ ಪೆಟ್ಟಿಗೆಗಳೂ ಅಷ್ಟು ಸಜ್ಜನರಲ್ಲ. ಆದ್ದರಿಂದ ಖಾಲಿಯಾಗುವವರೆಗೆ ಕಾಯದೆ, ಬೇಸಿಗೆ ಕಾಲಿಡುವ ಮೊದಲು ವರ್ಷಕ್ಕೊಮ್ಮೆ ಬದಲಿಸಿಬಿಡಿ. ನೆನಪಿಗೆ ಒಂದು ಹಬ್ಬ ಹಿಡಿದುಕೊಳ್ಳಿ. ಅಕ್ಕ ಹಿಡಿದಿರುವುದು ಶಿವರಾತ್ರಿ. ಹೇಗೂ ಆ ರಾತ್ರಿ ಎಚ್ಚರ ಇರುತ್ತೇವಲ್ಲ ಎಂದು ಅವರ ವಾದ. ನಾಲ್ಕೂ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಅವರ ದುಂಡು ಅಕ್ಷರ ಇದೆ: ‘ಬ್ಯಾಟರಿ, 15-2-2026’.